ಮಂದ್ರಕ್ಕೆ ಕಿವಿಗೊಟ್ಟ ತಮ್ಮಯ್ಯನವರು

ಕೋರಾಡಿ ವಿದ್ಯುತ್ ಸ್ಥಾವರದ ಕಾಲೋನಿಯಲ್ಲಿ ತಮ್ಮಯ್ಯನವರದು ನಮ್ಮ ಎದುರಿನ ಮನೆ. ಮಂಡ್ಯದ ಕಡೆಯವರು, ಟರ್ಬೈನ್ ವಿಭಾಗದಲ್ಲಿ ಆಪರೇಟರ್. ವಾರವೆಲ್ಲ ಯಂತ್ರದ ಗದ್ದಲದ ನಡುವೆ ಹಿಂದಿ, ಮರಾಠಿಯಲ್ಲಿ ಕೂಗಿ ಮಾತಾಡುವ ಕೆಲಸ. ಭಾನುವಾರ ಮಾತ್ರ ಗಿಟಾರನ್ನು ಹಳೆಯ ಜಮಖಾನದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಪಟ್ಟಣದ ಸದರ್ ಬಡಾವಣೆಗೆ ಹೋಗುತ್ತಿದ್ದರು. ಅಲ್ಲಿ ಶಾಲೆಯೊಂದರ ಕೋಣೆಯಲ್ಲಿ ಕನ್ನಡ ಸಂಘದ ವಾದ್ಯವೃಂದ ಸೇರುತ್ತಿತ್ತು. ಭಾನುವಾರ ಪಾಳಿ ಬಿದ್ದರೆ ಇನ್ನೊಬ್ಬರ ಪಾಳಿಯನ್ನು ತಾವು ಮಾಡಿಕೊಟ್ಟಾದರೂ ಬಿಡುವು ಪಡೆಯುತ್ತಿದ್ದರು. ಒಂಬತ್ತು ವರ್ಷಗಳಲ್ಲಿ ತಪ್ಪಿಸಿದ್ದು ಎರಡೇ ಭಾನುವಾರ ಎಂದು ಅವರ ಹೆಂಡತಿ ರಾಜಮ್ಮನವರು ಹೇಳುತ್ತಾರೆ. ನಾನು ಕಣ್ಣಾರೆ ನೋಡದ್ದನ್ನೆಲ್ಲ ಅವರಿಬ್ಬರಿಂದ ಎರಡೆರಡು ಸಲ ಕೇಳಿಕೊಂಡು ಬರೆದಿದ್ದೇನೆ.

೧೯೮೬ರ ಸೆಪ್ಟೆಂಬರಿನಲ್ಲಿ ವೃಂದದಲ್ಲಿ ತಗ್ಗಿನ ಸ್ವರಗಳ ಬಾಸ್ ಗಿಟಾರ್ ನುಡಿಸುತ್ತಿದ್ದ ಅಪ್ಪಚ್ಚು ಅವರಿಗೆ ವರ್ಗವಾಯಿತು. ಅವರು ಕೊಡಗಿನವರು, ವಾಯುಸೇನೆಯಲ್ಲಿ ಸಾರ್ಜೆಂಟ್. ಅದೇ ತಿಂಗಳು ಬ್ಯಾಂಕಿಗೆ ಹೊಸದಾಗಿ ಸೇರಿದ ಶಾಮ ಎಂಬ ತರುಣ ಒಂದು ಕ್ಯಾಸಿಯೊ ಕೀಬೋರ್ಡ್ ತಂದ. ವೃಂದವನ್ನು ನಡೆಸುವ ಬಿಂದುಮಾಧವ ರಾಯರು ಧಾರವಾಡದವರು, ಮಾತನ್ನು ಸುತ್ತಿ ಬಳಸಿ ಆಡುವವರಲ್ಲ.

“ಶಾಮ ಎಡಗೈಲೆ ಬಾಸ್ ನುಡಸ್ತಾನ, ಬಲಗೈಲೆ ಹಾಡಿನ ಟ್ಯೂನ್. ನಿಮ್ಮ ಗಿಟಾರಿಗೆ ಇನ್ನ ಕೆಲಸ ಏನ್ ಉಳೀತ್ರಿ, ತಮ್ಮಯ್ಯನವರ? ಸ್ಟೇಜ್ ನೋಡಿದ್ರ ಇಷ್ಟ ಐತಿ.”

“ಬಾಸ್ ನಾನೇ ನುಡಿಸಿದ್ರೆ, ರಾಯರೇ?”

“ಈ ಗಿಟಾರಿನಾಗ? ಇದರ ಗಂಟಲಾ ಅಷ್ಟ ಕೆಳಗ ಇಳಿಯೂದಿಲ್ಲ. ಇರ್ಲಿ, ಬರೋ ರವಿವಾರ ತೋರಸ್ರಿ. ಆಗದಿದ್ರ ನವೆಂಬರ್ ಕಾರ್ಯಕ್ರಮಕ್ಕ ಮುಂದಿನ ಸಾಲಿನಾಗ ಕೂತ ಕೇಳೀರಂತ.”

ಎಲ್ಲರೂ ನಕ್ಕರು, ತಮ್ಮಯ್ಯನವರೂ ನಕ್ಕರು. ಆದರೆ ಅವತ್ತು ಬಸ್ಸಿನಲ್ಲಿ ತಮ್ಮ ನಿಲ್ದಾಣ ದಾಟಿದ್ದು ಅವರಿಗೆ ತಿಳಿಯಲೇ ಇಲ್ಲ.

ಗಿಟಾರಿನ ಸ್ವರವನ್ನು ಒಂದು ಸಪ್ತಕ ಕೆಳಗಿಳಿಸುವ ಸಣ್ಣ ಡಬ್ಬಿ ಬರುತ್ತದೆ. ಕಾಲಿನಿಂದ ಒತ್ತಿದರೆ ಚಾಲೂ ಆಗುತ್ತದೆ. ಆಕ್ಟೇವ್ ಪೆಡಲ್ ಎನ್ನುತ್ತಾರೆ. ಅಂಥವು ತಮ್ಮಯ್ಯನವರಿಗೆ ಎರಡು ಸಿಕ್ಕವು. ಒಂದನ್ನು ಸದರಿನ ರೇಡಿಯೋ ರಿಪೇರಿ ಕಾಶೀನಾಥ ತಾನೇ ಬೆಸುಗೆ ಹಾಕಿ ಮಾಡಿದ್ದ. ಇನ್ನೊಂದು ಅಪ್ಪಚ್ಚು ಅವರದು.

“ನನ್ನ ಭಾವ ಸಿಂಗಾಪುರದಿಂದ ತಂದದ್ದು. ಬಾಸ್ ಗಿಟಾರಿಗೆ ಇದರಿಂದ ಏನೂ ಉಪಯೋಗ ಇಲ್ಲ,” ಎಂದರು ಅಪ್ಪಚ್ಚು. “ಹಿಡಿಸಿದ್ರೆ ಇಟ್ಕೊಳ್ಳಿ. ಇಲ್ಲದಿದ್ರೆ ಬುಧವಾರ ತಂದುಕೊಡಿ, ಕಾಮಠಿಯಲ್ಲಿ ಒಬ್ಬರು ಕೇಳಿದ್ದಾರೆ. ಗುರುವಾರ ನನ್ನ ರೈಲು.”

ಮನೆಯಲ್ಲಿ ತಮ್ಮಯ್ಯನವರ ಹತ್ತಿರ ಆಂಪ್ಲಿಫೈಯರ್ ಇರಲಿಲ್ಲ. ಹಳೆಯ ರೇಡಿಯೋದ ಹಿಂದೆ ಗ್ರಾಮಫೋನ್ ಜೋಡಿಸುವ ತೂತಿಗೆ ಗಿಟಾರಿನ ವೈರು ಸಿಕ್ಕಿಸಿ ನುಡಿಸುತ್ತಿದ್ದರು. ಸೋಮವಾರ ಸಂಜೆ ಎರಡೂ ಡಬ್ಬಿಗಳನ್ನು ಹಾಗೆಯೇ ಪರೀಕ್ಷಿಸಿದರು. ಕಾಶೀನಾಥನ ಡಬ್ಬಿ ಕೂಡಲೇ ಗರಗರ ಎಂದು ದಪ್ಪಗೆ ಕೂಗಿತು. ಅಪ್ಪಚ್ಚು ಅವರ ಡಬ್ಬಿ ಒತ್ತಿದಾಗ ಕೇಳಿದ್ದು ಬರೀ ಗಿಟಾರು. ಗಿಟಾರಿನ ಮೂಲ ಸ್ವರಕ್ಕೆಂದು ಡಬ್ಬಿಯ ಮೇಲಿದ್ದ ಗುಂಡಿಯನ್ನು ಪೂರ್ತಿ ತಗ್ಗಿಸಿದರೆ ಅದೂ ಹೋಯಿತು, ಉಳಿದದ್ದು ಒಂದು ಸಣ್ಣ ಸದ್ದು. ನಾಲ್ಕು ತಂತಿ ಒಟ್ಟಿಗೆ ಮೀಟಿದರೆ ಬಾಯಿ ಮುಕ್ಕಳಿಸಿದಂತೆ ಗೊಳಗೊಳ. ಬ್ಯಾಟರಿ ಬದಲಿಸಿ ನೋಡಿದರು. ಅದೇ. ಕೊನೆಗೆ ಸಿಂಗಾಪುರದ್ದನ್ನು ಹಿಂತಿರುಗಿಸುವುದೆಂದು ಕಾಗದದಲ್ಲಿ ಸುತ್ತಿಟ್ಟರು.

ಮಂಗಳವಾರ ಬೆಳಗಿನ ಪಾಳಿಯಲ್ಲಿ ಎಂದಿನಂತೆ ಟರ್ಬೈನಿನ ಬೇರಿಂಗುಗಳನ್ನು ಕೇಳುತ್ತ ಹೋದರು. ಅಲ್ಲಿ ಕಿವಿಯನ್ನು ನಂಬಿದರೆ ಆಗದು, ಗದ್ದಲ ಎಲ್ಲವನ್ನೂ ನುಂಗುತ್ತದೆ. ಉಕ್ಕಿನ ಸಲಾಕೆಯ ಒಂದು ತುದಿ ಬೇರಿಂಗಿಗೆ, ಇನ್ನೊಂದು ತುದಿ ಕಿವಿಯ ಹತ್ತಿರದ ಎಲುಬಿಗೆ. ಆಗ ಒಳಗಿನ ನಡುಕ ನೇರವಾಗಿ ತಲೆಗೆ ಬರುತ್ತದೆ. ಮೂರನೆಯ ಬೇರಿಂಗಿನ ಬಳಿ ಅವರಿಗೆ ಮನೆಯ ರೇಡಿಯೋ ನೆನಪಾಯಿತಂತೆ.

ಮನೆಗೆ ಬಂದವರು ಊಟಕ್ಕೂ ಕೂರದೆ ಸಿಂಗಾಪುರದ ಡಬ್ಬಿಯನ್ನು ಮತ್ತೆ ಜೋಡಿಸಿ, ರೇಡಿಯೋದ ಹಿಂದಿನ ಹಲಗೆ ಬಿಚ್ಚಿದರು. ಮರದ ಹಿಡಿಯ ಉದ್ದನೆಯ ಸ್ಕ್ರೂಡ್ರೈವರನ್ನು ಸ್ಪೀಕರಿನ ಕಬ್ಬಿಣದ ಅಂಚಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ, ರಾಜಮ್ಮನವರಿಗೆ ತಂತಿ ಮೀಟಲು ಹೇಳಿದರು.

“ಏನ್ರೀ, ರೇಡಿಯೋಗೆ ಜ್ವರ ಬಂದಿದೆಯಾ?”

“ಸುಮ್ಮನೆ ಮೀಟೇ. ಒಂದೇ ತಂತಿ.”

ಸ್ವರ ಅಲ್ಲಿತ್ತು. ಒಂದು ಸಪ್ತಕ ಕೆಳಗೆ, ದುಂಡಗೆ, ನಿಧಾನವಾಗಿ ನಡುಗುತ್ತಿತ್ತು. ರೇಡಿಯೋದ ಸಣ್ಣ ಸ್ಪೀಕರಿಗೆ ಅದನ್ನು ಹೊರಗೆ ಹೇಳುವ ಬಾಯಿ ಇರಲಿಲ್ಲ, ಅಷ್ಟೆ. ಕಾಶೀನಾಥನ ಡಬ್ಬಿಯನ್ನೂ ಹಾಗೆಯೇ ಕೇಳಿದರು. ಅದರಲ್ಲಿ ಸ್ವರಕ್ಕಿಂತ ಗರಗಸವೇ ಹೆಚ್ಚು. ಸಣ್ಣ ಸ್ಪೀಕರಿನಲ್ಲಿ ಜೋರಾಗಿ ಕೇಳಿದ್ದೂ ಆ ಗರಗಸವೇ.

ಬುಧವಾರ ಅಪ್ಪಚ್ಚು ಅವರ ಮನೆಗೆ ಬರಿಗೈಯಲ್ಲಿ ಹೋಗಿ ಇದನ್ನೆಲ್ಲ ವಿವರಿಸಿದರು.

“ಸಂಘದ ದೊಡ್ಡ ಸ್ಪೀಕರಿಗೆ ಹಾಕಿದ್ರೆ ಐದು ನಿಮಿಷದಲ್ಲಿ ಗೊತ್ತಾಗ್ತಿತ್ತಲ್ಲ, ತಮ್ಮಯ್ಯ.”

“ಅದರ ಬೀಗದ ಕೈ ರಾಯರ ಹತ್ತಿರ. ಕೇಳೋಕೆ ಮುಜುಗರ.”

ಅಪ್ಪಚ್ಚು ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದವರು ನಿಲ್ಲಿಸಿ ನಕ್ಕರು. ಆಮೇಲೆ ಹೇಳಿಕೊಟ್ಟರು: “ಇದು ಪಾಪದ ಡಬ್ಬಿ. ಇಬ್ಬರು ಒಟ್ಟಿಗೆ ಮಾತಾಡಿದ್ರೆ ಇದಕ್ಕೆ ಯಾರದ್ದೂ ತಿಳಿಯೋದಿಲ್ಲ. ಒಂದು ಸ್ವರ ಪೂರ್ತಿ ನಿಲ್ಲಿಸಿ, ಆಮೇಲೆ ಇನ್ನೊಂದು. ಗಿಟಾರಿನ ಟೋನ್ ಇಳಿಸಿ. ದಪ್ಪ ತಂತಿಯಲ್ಲಿ ತೀರ ಕೆಳಗೆ ಹೋಗಬೇಡಿ, ನಡುಗ್ತದೆ.”

ಮುಂದಿನ ಮೂರು ದಿನ ಎದುರು ಮನೆಯಿಂದ ಒಂಟಿ ಸ್ವರಗಳು ಬರುತ್ತಿದ್ದವು. ಒಂದು, ಬಳಿಕ ಅಂಗೈಯಿಂದ ತಂತಿ ಅದುಮಿದ ಮೌನ, ಬಳಿಕ ಇನ್ನೊಂದು.

“ಹಾಡೆಲ್ಲಿ ಹೋಯ್ತು?” ಎಂದು ರಾಜಮ್ಮನವರು ಅಡುಗೆಮನೆಯಿಂದ ಕೇಳಿದರು.

“ಹಾಡೋಕೆ ಬೇರೆಯವರಿದ್ದಾರೆ.”

ಭಾನುವಾರ ತಮ್ಮಯ್ಯನವರು ಸಂಘದ ದೊಡ್ಡ ಸ್ಪೀಕರಿಗೆ ಸಿಂಗಾಪುರದ ಡಬ್ಬಿ ಜೋಡಿಸಿ ಹಿಂದಿನ ಕುರ್ಚಿಯಲ್ಲಿ ಕೂತರು. ರಾಯರು ಕೈ ತಟ್ಟಿದರು, ಹಾಡು ಶುರುವಾಯಿತು. ನಾಲ್ಕು ಸಾಲು ಮುಗಿಯುವ ಮೊದಲೇ ಅವರು ಕೈ ಎತ್ತಿ ನಿಲ್ಲಿಸಿದರು.

“ಕೆಳಗ ಯಾರೋ ಇಬ್ಬರು ಕಾಲು ತುಳದಾಡಾಕತ್ತೀರಿ. ಒಬ್ಬೊಬ್ಬರ ನುಡಸ್ರಿ.”

ಮೊದಲು ಶಾಮ, ನಂತರ ತಮ್ಮಯ್ಯನವರು. ಕಿಟಕಿಯ ಗಾಜು ಸಣ್ಣಗೆ ಅದುರಿತು. ರಾಯರು ತಲೆ ತಗ್ಗಿಸಿ ಪೂರ್ತಿ ಕೇಳಿದರು.

“ಶಾಮ, ನೀ ಎಡಗೈ ತಗಿ.”

ಶಾಮ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡ. “ಠೀಕ್ ಹೈ ಸರ್. ಆದರೆ ಚರಣಗಳ ನಡುವೆ ಬರೋ ಗಿಟಾರ್ ಟ್ಯೂನ್? ಅದು ತಮ್ಮಯ್ಯ ಅಂಕಲ್‌ದು.”

ಆ ಟ್ಯೂನು ಒಂಬತ್ತು ವರ್ಷಗಳಿಂದ ಅವರದೇ. ಬಾಸ್, ಟ್ಯೂನು ಎರಡನ್ನೂ ಒಬ್ಬರೇ ಒಟ್ಟಿಗೆ ನುಡಿಸಲಾಗದು. ರಾಯರು ತಮ್ಮಯ್ಯನವರನ್ನೇ ನೋಡಿದರು.

“ಶಾಮ ನುಡಿಸಲಿ,” ಎಂದರು ತಮ್ಮಯ್ಯನವರು. “ನಾನು ಹೇಳಿಕೊಡ್ತೀನಿ.”

ಪೆಡಲ್ ನಿಲ್ಲಿಸಿ ಟ್ಯೂನನ್ನು ನಿಧಾನವಾಗಿ ನುಡಿಸಿ ತೋರಿಸಿದರು. ಮೂರನೆಯ ಸಲಕ್ಕೆ ಶಾಮನಿಗೆ ಬಂತು. ಒಂದೇ ಕಡೆ ತಪ್ಪುತ್ತಿದ್ದ, ಅದನ್ನೂ ತಿದ್ದಿದರು. ನಂತರ ಮತ್ತೆ ಪೆಡಲ್ ಒತ್ತಿ, ಹಾಡಿನ ಮೊದಲ ಸ್ವರದ ಮೇಲೆ ಬೆರಳಿಟ್ಟು, ರಾಯರ ಕೈಯನ್ನೇ ನೋಡುತ್ತ ಕೂತರು.