ತಣ್ಣನೆಯ ನಳಿಗೆಯ ಮೊದಲ ಗುಂಡು

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಮಾತುಗಳೂ ಒರಟು. ಶಾಲೆಯನ್ನು ನಡುವೆಯೇ ಬಿಟ್ಟವಳೆಂದು ಓದುವವರು ಕ್ಷಮಿಸಬೇಕು. ಇದು ನನ್ನ ಅತ್ತೆ ತೊಕುಯೆಯ ಕಥೆ.

ತೊಕುಯೆ ಹೊಕ್ಕೈದೊ ದ್ವೀಪದ ನಮ್ಮ ಕಣಿವೆಯಲ್ಲಿ ಹಸು ಸಾಕುವವಳು. ಜಿಂಕೆಗಳು ಹುಲ್ಲುಗಾವಲನ್ನು ಬೋಳು ಮಾಡತೊಡಗಿದಾಗ ಬಂದೂಕು ಹಿಡಿದಳು. ನಮ್ಮಲ್ಲಿ ರೈಫಲ್ಲಿಗೆ ಪರವಾನಗಿ ಸಿಗಬೇಕಾದರೆ ಮೊದಲು ಹತ್ತು ವರ್ಷ ಚರೆ ಬಂದೂಕಿನಲ್ಲೇ ಸವೆಯಬೇಕು. ಅಷ್ಟು ವರ್ಷವೂ ಅವಳು ಬೇಟೆಯ ತಂಡದಲ್ಲಿ ಜಿಂಕೆ ಅಟ್ಟುವವಳಾಗಿದ್ದಳು. ಹಿಮದಲ್ಲಿ ಸೊಂಟದವರೆಗೆ ಹೂತುಕೊಂಡು, ಕೂಗುತ್ತ, ಮೇಲೆ ಕಾದು ಕುಳಿತ ಗಂಡಸರ ಕಡೆಗೆ ಹಿಂಡನ್ನು ಓಡಿಸಬೇಕು. ಗಂಟಲು ಹರಿಯುವುದು ಇವಳದು, ಗುಂಡು ಹಾರಿಸುವುದು ಅವರದು.

ರೈಫಲ್ ಬಂದ ವರ್ಷವೇ ತಂಡದ ಹಿರಿಯ ಗೊಂಜಿ ಸಾನ್ ಕಣ್ಣಿಗೆ ಪೊರೆ ಬಂತು. ಕಾಗೆಹೆಗಲು ಎಂಬ ಬಂಡೆಯ ಮೇಲಿನ ತನ್ನ ಜಾಗವನ್ನು ಬಿಟ್ಟುಕೊಡುವುದಾಗಿ ಅವನು ಹೇಳಿದ. ಕೆಳಗಿನ ತೊರೆಯನ್ನು ಜಿಂಕೆ ದಾಟುವುದು ಅಲ್ಲಿಂದ ಮಾತ್ರ ಕಾಣುತ್ತದೆ. ಹಿಮ ಗುಡಿಸುವ ಗಾಡಿ ಓಡಿಸುವ ಕುನಿಹಾರು ಆ ಜಾಗ ತನ್ನದೇ ಎಂದುಕೊಂಡಿದ್ದ. ತೊಕುಯೆಗೂ ಅದೇ ಬೇಕಿತ್ತು. ಅದು ಸಿಗದಿದ್ದರೆ ರೈಫಲ್ ಇದ್ದೂ ಮತ್ತೆ ಕೂಗುತ್ತ ಹಿಮ ತುಳಿಯಬೇಕು. ಬೇಟೆ ಶುರುವಾಗುವ ಮುಂಚಿನ ಭಾನುವಾರ ಗುಂಡಿನ ಅಭ್ಯಾಸದ ಮೈದಾನದಲ್ಲಿ ಇಬ್ಬರನ್ನೂ ನೋಡಿ ಹೇಳುತ್ತೇನೆಂದು ಗೊಂಜಿ ಸಾನ್ ಮಾತು ಮುಗಿಸಿದ.

ಬೇಸಿಗೆಯಲ್ಲಿ ತೊಕುಯೆ ರೈಫಲ್ಲಿನ ಗುರಿ ಸರಿಹೊಂದಿಸಲು ಆ ಮೈದಾನಕ್ಕೆ ಹೋದಳು. ಅಲ್ಲಿ ಗುರಿಯ ಕಾಗದ ನೂರು ಮೀಟರ್ ದೂರದಲ್ಲಿರುತ್ತದೆ. ಮೊದಲ ಗುಂಡು ಕಾಗದದ ಎಡಕ್ಕೆ ಬಿತ್ತು. ರೈಫಲ್ ಮೇಲೆ ಗುರಿ ನೋಡುವ ಸ್ಕೋಪಿನ ತಿರುಪನ್ನು ಬಲಕ್ಕೆ ತಿರುಗಿಸಿದಳು. ಮುಂದಿನದು ಬಲಕ್ಕೆ ಬಿತ್ತು, ಎಡಕ್ಕೆ ತಿರುಗಿಸಿದಳು. ನಳಿಗೆ ಕಾದು ಕೈ ಇಡಲಾಗದಂತಾಯಿತು. ಕಾಗದದಲ್ಲಿ ಜರಡಿಯಂತೆ ತೂತು, ನಡುವೆ ಮಾತ್ರ ಒಂದೂ ಇಲ್ಲ. ಒಣಗಿಸಿದ ಮೀನು ಅಗಿಯುತ್ತ ನೋಡುತ್ತಿದ್ದ ಗೊಂಜಿ ಸಾನ್ ಇಷ್ಟೇ ಹೇಳಿದ:

"ಗುಂಡಿನ ಹಿಂದೆ ಓಡ್ತಿದೀಯಲ್ಲ ತೊಕುಯೆ, ಅದು ನಿನಗಿಂತ ಜೋರಾಗಿ ಓಡುತ್ತೆ."

ಮರುದಿನ ಕೊಟ್ಟಿಗೆ ತೊಳೆಯುವಾಗ ಅವಳು ನೀರಿನ ಕೊಳವೆ ಹಿಡಿದು ಸುಮ್ಮನೆ ನಿಂತುಬಿಟ್ಟಳು. ದೂರದ ಗೋಡೆಗೆ ನೀರು ತಾಗಬೇಕಾದರೆ ಕೊಳವೆಯ ಬಾಯಿಯನ್ನು ತುಸು ಎತ್ತಬೇಕು. ನೀರು ಕಣ್ಣಿನ ನೋಟಕ್ಕಿಂತ ಕೆಳಗಿನಿಂದ ಹೊರಟು, ನೋಟವನ್ನು ದಾಟಿ ಮೇಲೇರಿ, ಬಾಗಿ, ಗೋಡೆಯ ಬಳಿ ಮತ್ತೆ ನೋಟಕ್ಕೆ ಕೂಡುತ್ತದೆ. ಗುಂಡಿನ ದಾರಿಯೂ ಇದೇ. ನೂರು ಮೀಟರಿನಲ್ಲಿ ಮೂರು ಬೆರಳು ಮೇಲೆ ಬಿದ್ದರೆ, ಇನ್ನೂರರಲ್ಲಿ ಸರಿಯಾಗಿ ಗುರಿಗೆ ಇಳಿಯುತ್ತದೆ. ಬಂಡೆಯಿಂದ ತೊರೆಗೆ ಹೆಚ್ಚುಕಡಿಮೆ ಅಷ್ಟೇ ದೂರ.

ಇನ್ನೊಂದು ಮಾತು ಹಾಲು ಕರೆಯುವಾಗ ಹೊಳೆಯಿತು. ಪ್ರತಿ ಕೆಚ್ಚಲಿನ ಮೊದಲ ಧಾರೆಯನ್ನು ನಾವು ಬೇರೆ ಬಟ್ಟಲಿಗೆ ಹಿಂಡಿ ನೋಡುತ್ತೇವೆ, ಹಸುವಿನ ನಿಜ ಸ್ಥಿತಿ ಅದರಲ್ಲೇ ತಿಳಿಯುತ್ತದೆ. ಬೇಟೆಯಲ್ಲೂ ನಳಿಗೆ ತಣ್ಣಗಿರುವಾಗಿನ ಮೊದಲ ಗುಂಡೇ ಗುಂಡು. ಕಾದ ನಳಿಗೆಯ ಗುಂಡುಗಳು ಹೇಳುವುದು ಬೇರೆ ಕಥೆ.

ಅಂದಿನಿಂದ ತೊಕುಯೆ ಮೈದಾನಕ್ಕೆ ಹೋದಾಗಲೆಲ್ಲ ಒಂದೇ ಗುಂಡು ಹಾರಿಸಿ, ಕಾಗದ ಬಿಚ್ಚಿಕೊಂಡು ಮನೆಗೆ ಬರತೊಡಗಿದಳು. ಮುಂದಿನ ಸಲವೂ ಅದೇ ಕಾಗದ. ಮೂರು ತೂತು ಸೇರುವವರೆಗೆ ತಿರುಪು ಮುಟ್ಟಲಿಲ್ಲ. ಸೇರಿದ ಮೇಲೆ ಅವುಗಳ ನಡುವನ್ನು ಗುರುತಿಸಿ, ಅದು ಗುರಿಗಿಂತ ಮೂರು ಬೆರಳು ಮೇಲೆ ಬರುವಂತೆ ಒಂದೇ ಸಲ ಅಳೆದು ತಿರುಗಿಸಿದಳು. ಆಮೇಲೆ ಹೊಸ ಕಾಗದ.

ಗಂಡಸರಿಗೆ ನಗೆ ತಡೆಯಲಾಗಲಿಲ್ಲ. ಅಷ್ಟು ದೂರ ಗಾಡಿ ಓಡಿಸಿ ಬಂದು ಒಂದೇ ಸೀನು ಸೀನಿ ಹೋಗುವ ಹೆಂಗಸು ಎಂದು ಊರಲ್ಲೆಲ್ಲ ಹೇಳಿದರು. ಕುನಿಹಾರು ಒಮ್ಮೆ ಎದುರಿಗೇ ಕೇಳಿದ:

"ಏನ್ ಅಕ್ಕ, ಗುಂಡು ಮುಗಿದು ಹೋಯ್ತಾ? ಬೇಕಾದ್ರೆ ನಂದು ಎರಡು ಕೊಡ್ತೀನಿ."

"ಇಟ್ಕೋ. ನಿನಗೇ ಬೇಕಾಗುತ್ತೆ," ಎಂದಳು ತೊಕುಯೆ.

ಬೇಟೆಗೆ ಮುಂಚಿನ ಆ ಭಾನುವಾರ ಮೈದಾನದ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಗೊಂಜಿ ಸಾನ್ ಕಾಲೆಳೆದುಕೊಂಡು ಬಂದು, ಒಬ್ಬೊಬ್ಬರಿಗೆ ಒಂದೊಂದೇ ಗುಂಡು ಎಂದ. ಕುನಿಹಾರು ಮೊದಲು ಹಾರಿಸಿದ. ಗುಂಡು ಬಲಕ್ಕೆ ಒಂದು ಅಂಗೈ ಆಚೆ ಬಿತ್ತು. ಅವನು ಒಪ್ಪಲಿಲ್ಲ. ಬೇಡವೆಂದರೂ ಕೇಳದೆ ಮತ್ತೆರಡು ಹಾರಿಸಿದ. ಎರಡೂ ಸರಿಯಾಗಿ ಮೂರು ಬೆರಳು ಮೇಲೆ, ಒಂದರ ಪಕ್ಕ ಒಂದು ಬಿದ್ದವು.

"ನೋಡಿ, ಕಾದ್ಮೇಲೆ ಹೆಂಗೆ ಹೋಗುತ್ತೆ," ಎಂದ.

"ನೀನು ಕಾಯೋವರೆಗೆ ಜಿಂಕೆ ನಿಂತಿರುತ್ತಾ? ಟೀ ಕೊಟ್ಟು ಕೂರಿಸ್ತೀಯಾ?" ಎಂದು ಗೊಂಜಿ ಸಾನ್ ಕೇಳಿದ. ಕುನಿಹಾರುವಿನ ಕಿವಿ ಕೆಂಪಾಯಿತು.

ತೊಕುಯೆ ಮೇಜಿನ ಮುಂದೆ ಕುಳಿತಳು. ಉಸಿರು ಅರ್ಧ ಬಿಟ್ಟು, ಬೆರಳನ್ನು ಮೆಲ್ಲಗೆ ಒತ್ತಿದಳು. ಗೊಂಜಿ ಸಾನ್‌ಗೆ ಪೊರೆಯಿಂದಾಗಿ ಅಷ್ಟು ದೂರದ ಕಾಗದ ಕಾಣುತ್ತಿರಲಿಲ್ಲ. ಎಲ್ಲಿ ಬಿತ್ತು ಎಂದು ಕುನಿಹಾರುವನ್ನೇ ಕೇಳಿದ. ಅವನು ದುರ್ಬೀನಿನಿಂದ ಬಹಳ ಹೊತ್ತು ನೋಡಿದ.

"ಮೂರು ಬೆರಳು ಮೇಲೆ. ನಟ್ಟನಡುವೆ," ಎಂದ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅವನ ಬಗ್ಗೆಯೂ ನನಗೆ ಗೌರವವಿದೆ.

"ಹಾಗಾದ್ರೆ ಕಾಗೆಹೆಗಲು ತೊಕುಯೆಗೆ," ಎಂದು ಗೊಂಜಿ ಸಾನ್ ಮೀನು ಬಾಯಿಗಿಟ್ಟುಕೊಂಡ.

ಬೇಟೆಯ ಮೊದಲ ದಿನ ಕುನಿಹಾರುವೇ ಕೂಗುತ್ತ ಹಿಂಡನ್ನು ಅಟ್ಟಿದ. ತೊರೆಯ ನಡುವೆ ಒಂದು ಗಂಡುಜಿಂಕೆ ನಿಂತು ತಲೆ ಎತ್ತಿತು. ತೊಕುಯೆ ಮೇಲಕ್ಕೂ ಹಿಡಿಯಲಿಲ್ಲ, ಕೆಳಕ್ಕೂ ಹಿಡಿಯಲಿಲ್ಲ. ಭುಜದ ಹಿಂದಕ್ಕೆ ನೇರವಾಗಿ ಗುರಿಯಿಟ್ಟು ಒಂದೇ ಗುಂಡು ಹಾರಿಸಿದಳು. ಜಿಂಕೆ ನಿಂತಲ್ಲೇ ಕುಸಿಯಿತು. ಅದನ್ನು ನೀರಿನಿಂದ ಎಳೆಯುತ್ತ ಕುನಿಹಾರು ಮೇಲಕ್ಕೆ ಕೂಗಿ, ಇನ್ನೊಂದು ಸೀನು ಬರಲಿಲ್ಲವೇ ಎಂದು ಕೇಳಿದನಂತೆ. ಬರಲಿಲ್ಲ ಎಂದಳಂತೆ ಅತ್ತೆ.

ಅವಳು ಬಂಡೆಯ ಮೇಲಿರುವ ದಿನಗಳಲ್ಲಿ ಕೊಟ್ಟಿಗೆ ನನ್ನದು. ಇವತ್ತೂ ಹೋಗಿದ್ದಾಳೆ. ಸಂಜೆಯ ಹಾಲು ನಾನೇ ಕರೆಯುತ್ತೇನೆ.