ಸಾಹೇಬರು ಬಾರಿಸಿದ ಗಂಟೆ

ಹಾಸಿಗೆ ಹಿಡಿದ ಈರಮ್ಮನನ್ನು ನೋಡಿಕೊಳ್ಳಲು ನಮ್ಮ ಸೇವಾಸಂಘ ಕಿವಿ ಕೇಳದ ಹೆಂಗಸನ್ನು ನೇಮಿಸಿತು. ಇದು ತಪ್ಪು.

ತಪಾಸಣೆಗೆ ಬಳ್ಳಾರಿಯಿಂದ ಕುರುಗೋಡಿನ ಈರಮ್ಮನ ಮನೆಗೆ ಬಂದ ಸಾಹೇಬರ ಜೊತೆ ನಾನೂ ಹೋಗಿದ್ದೆ. ಬೇಕಾದಾಗ ಕರೆಯಲೆಂದು ಈರಮ್ಮನ ಮಂಚದ ಬಳಿ ಇಟ್ಟಿದ್ದ ಗಂಟೆಯನ್ನು ಅವರೇ ಬಾರಿಸಿ, ‘ಗಂಟೆ ಸರಿಯಾಗಿದೆ’ ಎಂದು ಬರೆದುಕೊಂಡರು. ಆ ಹೆಂಗಸು ಹಿತ್ತಲಲ್ಲಿ ಅಕ್ಕಿ ಆರಿಸುತ್ತಲೇ ಇದ್ದಳು. ಪಕ್ಕದ ಮನೆಯ ಹುಸೇನಪ್ಪ ನೀರಿನ ತಂಬಿಗೆ ಹಿಡಿದು ಓಡಿಬಂದ.

“ನಿನ್ನನ್ಯಾರು ಕರೆದರು?” ಎಂದರು ಸಾಹೇಬರು.

“ಗಂಟಿ ಕರೀತ್ರಿ. ಆಕಿಗೆ ಕೇಳಂಗಿಲ್ಲ, ದಿನಾ ನಾನ ಬರ್ತೀನಿ. ನಾಳಿಂದ ಸಿರುಗುಪ್ಪದ ಮಿಲ್ಲಿಗೆ ಹೊಂಟೀನಿ.”

“ಹಂಗಾದ್ರ ಗಂಟಿನೂ ಒಯ್ಯೋ ಹುಸೇನಪ್ಪ. ಇಲ್ಲಿ ಕೇಳೋರು ಯಾರದಾರ?” ಎಂದಳು ಈರಮ್ಮ.

‘ನೆರೆಯವರ ಸಹಕಾರ ಚೆನ್ನಾಗಿದೆ’ ಎಂದೂ ಸಾಹೇಬರು ಬರೆದರು.

ತಪಾಸಣೆಗೆ ಹೋಗುವವರೇ, ಗಂಟೆಯನ್ನು ಮಲಗಿದವರ ಕೈಗೆ ಕೊಡಿ. ಯಾರು ಬರುತ್ತಾರೆಂದು ನೋಡಿ, ಆಮೇಲೆ ಬರೆಯಿರಿ.