ಮಸರಕಲ್ಲಿನ ಹಗೇವು ಕಾಯುವ ಬಂಡೆಮ್ಮ

ಬೆಳಕು ಹರಿಯುವ ಹೊತ್ತು. ಮಸರಕಲ್ಲಿನ ನಡುವೂರಿನ ಗಟ್ಟಿ ನೆಲದಲ್ಲಿ, ಹಗೇವಿನ ಬಾಯಿಯ ಪಕ್ಕ ಬಂಡೆಮ್ಮ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಬಾಯಿಗೆ ಮುಚ್ಚಿದ್ದ ಕಲ್ಲುಚಪ್ಪಡಿಯನ್ನು ನಿನ್ನೆಯೇ ಸರಿಸಿಟ್ಟಾಗಿದೆ. ಈಗ ಅವರ ಕೈಯಲ್ಲೊಂದು ಹಗ್ಗ, ಹಗ್ಗದ ತುದಿಯಲ್ಲಿ ಪುಟ್ಟ ಬುಟ್ಟಿ, ಬುಟ್ಟಿಯೊಳಗೆ ಉರಿಯುವ ಹಣತೆ. ಅದನ್ನು ಗೇಣುಗೇಣಾಗಿ ಕತ್ತಲೆಯೊಳಕ್ಕೆ ಇಳಿಬಿಡುತ್ತಾರೆ. ಸುತ್ತ ಹೆಂಗಸರು ಪುಟ್ಟಿ ಹಿಡಿದು ನಿಂತಿದ್ದಾರೆ.

ಹಣತೆ ಕೆಳಗಿನ ಜೋಳದ ಮೇಲೆ ಕೂತು ಉರಿಯುತ್ತಲೇ ಇದೆ. ಸೊಂಟಕ್ಕೆ ಹಗ್ಗ ಬಿಗಿದುಕೊಂಡ ಕನಕರಾಯನೆಂಬ ಯುವಕ ಇಳಿಯಲು ಕಾಲು ಚಾಚುತ್ತಾನೆ. ಬಂಡೆಮ್ಮ ಕೈ ಅಡ್ಡ ಹಿಡಿಯುತ್ತಾರೆ.

“ಅವಸರ ಬ್ಯಾಡ ತಮ್ಮಾ. ದೀಪ ಉರಿಯೂದು ನನಗ ಕಣ್ತುಂಬ ಕಾಣ್ಲಿ.”

ರಾಯಚೂರಿನ ಪೇಟೆಯಲ್ಲಿ ಅಂಗಡಿ ಮುಂದೆ ಚೀಲ ಹಿಡಿದು ನಿಂತು ಜೋಳ ಕೊಳ್ಳುವ ನಮ್ಮಂಥವರಿಗೆ ಹಗೇವು ಗೊತ್ತಿರಲಾರದು. ಅದು ನೆಲದೊಳಗಿನ ಕಣಜ. ಬಾಯಿ ಕಿರಿದು, ಹೊಟ್ಟೆ ಅಗಲ, ನೀರಿನ ಗಡಿಗೆಯ ಹಾಗೆ. ಒಳಗೆ ಸುತ್ತಲೂ ಹುಲ್ಲು ಹಾಸಿ, ಜೋಳ ಸುರಿದು, ಮೇಲೆ ಚಪ್ಪಡಿಯಿಟ್ಟು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುವುದಿಲ್ಲ. ಕೆಡುವುದು ಗಾಳಿ. ಮುಚ್ಚಿಟ್ಟ ಜೋಳದ ಮೇಲೆ ಕಟ್ಟಿಕೊಳ್ಳುವ ಆ ಗಾಳಿ ಕಣ್ಣಿಗೆ ಕಾಣದು. ಇಳಿದ ಆಳು ಕೂಗುವುದಕ್ಕೂ ಪುರಸೊತ್ತಿಲ್ಲದೆ ಬೀಳುತ್ತಾನೆ. ಅದಕ್ಕೇ ಬಾಯಿ ತೆರೆದು ಒಂದು ರಾತ್ರಿ ಗಾಳಿಯಾಡಲು ಬಿಡಬೇಕು, ಬೆಳಿಗ್ಗೆ ದೀಪ ಇಳಿಸಬೇಕು. ದೀಪ ಆರಿತೋ, ಆ ದಿನ ಯಾರೂ ಇಳಿಯುವಂತಿಲ್ಲ. ಈ ಕಟ್ಟಳೆಯನ್ನು ಊರಿನ ಪ್ರತಿಯೊಬ್ಬ ಹುಡುಗನಿಗೂ ಬೈದು ಬೈದು ಕಲಿಸಿದವರು ಬಂಡೆಮ್ಮ.

ಕುರಿ ಸಾಕುವ ಮನೆಯ ಹೆಣ್ಣುಮಗಳು. ಇನ್ನೂ ಲಂಗ ಉಡುವ ವಯಸ್ಸಿನಲ್ಲೇ ಮದುವೆಯಾಗಿ ಈ ಊರಿಗೆ ಬಂದರು. ಈಗ ಎಪ್ಪತ್ತು ದಾಟಿರಬೇಕು. ಸರಿಯಾದ ಲೆಕ್ಕ ಅವರಿಗೂ ಬೇಕಾಗಿಲ್ಲ. ಹಗೇವು ಅತ್ತೆಯ ಕಾಲದ್ದು. ಸುಗ್ಗಿ ಮುಗಿದಾಗ ಪ್ರತಿ ಕಣದಿಂದ ಒಂದು ಮೊರ ಜೋಳ ಇದಕ್ಕೆ ಬರುತ್ತದೆ. ಮಳೆಗಾಲಕ್ಕೆ ಮುಂಚೆ, ಮನೆಯ ಗಡಿಗೆಗಳು ಖಾಲಿಯಾಗುವ ತಿಂಗಳಲ್ಲಿ, ಬಾಯಿ ತೆರೆಯುತ್ತದೆ. ಬಂದವರಿಗೆ ಕೊಡುವುದು ಉಂಟು, ಯಾಕೆ ಬಂದೆ ಎಂದು ಕೇಳುವುದಿಲ್ಲ. ಗಂಡ ಸತ್ತ ಮೇಲೂ, ಕುರಿಗಳು ರೋಗ ಬಂದು ಹೋದ ಮೇಲೂ ಅವರು ಈ ಕೆಲಸ ಬಿಡಲಿಲ್ಲ. ಇದರ ಜೊತೆಗೆ ಬಾಣಂತನಕ್ಕೂ ಇವರೇ, ದಿಕ್ಕಿಲ್ಲದ ಹೆಣಕ್ಕೆ ನೀರು ಹಾಕಲಿಕ್ಕೂ ಇವರೇ.

“ಬೇಡಾಕ ಬಂದವರ ಮಾರಿ ನೋಡಬಾರದು ಯಪ್ಪಾ. ಪುಟ್ಟಿ ನೋಡಬೇಕು,” ಎನ್ನುತ್ತಾರೆ.

ಇಷ್ಟನ್ನೇ ಬರೆದು ಒಂದು ಒಳ್ಳೆಯ ಲೇಖನ ಮುಗಿಸಬಹುದಿತ್ತು. ನಾನು ಬಂದದ್ದೂ ಅದಕ್ಕೇ. ಆದರೆ ಈ ಅಜ್ಜಿಯ ಮಗನನ್ನು ಊರು ಏನೆಂದು ಕರೆಯುತ್ತದೆ ಎಂಬುದು ಕಿವಿಗೆ ಬಿದ್ದ ಮೇಲೆ ಹಾರ ತುರಾಯಿಯ ಭಾಷೆ ನನ್ನಿಂದ ಆಗದು.

ಮಗನ ಹೆಸರು ಹನುಮಂತ್ರಾಯ. ಯುದ್ಧದ ಕಾಲ, ಸರಕಾರದ ಲೆವಿಯವರು ಊರೂರು ತಿರುಗಿ ಜೋಳ ಎತ್ತಿಕೊಂಡು ಹೋಗುತ್ತಿದ್ದ ವರ್ಷ. ನೆಲಕ್ಕೆ ಕಬ್ಬಿಣದ ಸಲಾಕೆ ಚುಚ್ಚಿ ಹಗೇವು ಹುಡುಕುತ್ತಿದ್ದರು. ಒಂದು ಮುಸ್ಸಂಜೆ ಊರ ಲೆಕ್ಕ ಬರೆಯುವ ಪಟವಾರಿ ಯಂಕೋಬರಾಯರೂ ಗೌಡಕಿ ನಡೆಸುವ ಹುಸೇನಪ್ಪನವರೂ ಬಂಡೆಮ್ಮನ ಮನೆಗೆ ಬಂದರು. ಲೆವಿಯವರು ಬೆಳಿಗ್ಗೆ ಮಸರಕಲ್ಲಿಗೆ ಬರುತ್ತಾರೆ, ಅವರ ಜವಾನ ಈಗಾಗಲೇ ಬಂದು ಚಾವಡಿಯಲ್ಲಿ ಕೂತಿದ್ದಾನೆ, ಹಗೇವಿನ ಜೋಳವನ್ನು ಈಗಲೇ ಮೇಲೆತ್ತಿ ಮನೆಮನೆಗೆ ಹಂಚಿಬಿಡಬೇಕು ಎಂದರು. ತಾಯಿ, ಮಗ, ಹಿರಿಯರಿಬ್ಬರು, ವಿಷಯ ಗೊತ್ತಿದ್ದುದು ಈ ನಾಲ್ವರಿಗೆ ಮಾತ್ರ.

ಗಾಳಿಯಾಡಲು ಬಿಡುವಷ್ಟು ಹೊತ್ತಿರಲಿಲ್ಲ. ದೀಪ ಹಚ್ಚಿದರೆ ಚಾವಡಿಗೆ ನೇರ ಕಾಣುತ್ತದೆ. ಊರಿಗೆಲ್ಲ ಕಟ್ಟಳೆ ಕಲಿಸಿದ ಬಂಡೆಮ್ಮ ಅಂದು ಅದನ್ನು ಮುರಿದರು. ದೀಪವಿಲ್ಲದೆ ಮಗನನ್ನು ಇಳಿಸಿದರು.

“ನಾನಽ ಇಳಿ ಅಂದೆ. ಅವ ಒಂದು ಸಲ ನನ್ನ ಮಾರಿ ನೋಡಿದ. ದೀಪ ಅಂತ ಕೇಳಬೇಕಂತ ಇದ್ದನೋ ಏನೋ, ಕೇಳಲಿಲ್ಲ. ಇಳದ. ಹಗ್ಗ ನನ್ನ ಕೈಯಾಗ ಇತ್ತು. ಜಗ್ಗಿದರ ಭಾರ ಆತು.”

ಮರುದಿನ ಲೆವಿಯವರು ಬಂದಾಗ ಹೆಣ ಚಾವಡಿಯ ಮುಂದಿತ್ತು. ಬಂದ ಅಧಿಕಾರಿ ದಡ್ಡನಲ್ಲ. ದೀಪವೂ ಇಲ್ಲದೆ ಇವನು ಅಷ್ಟು ಅವಸರದಲ್ಲಿ ಹಗೇವಿಗೆ ಇಳಿದದ್ದೇಕೆ ಎಂದು ಕೇಳಿದ. ಜೋಳ ಮರೆಮಾಡಲು ಎಂದು ಗೊತ್ತಾಗಿದ್ದರೆ ಹಗೇವು ಬರಿದಾಗುತ್ತಿತ್ತು, ಊರ ಹಿರಿಯರ ಕೈಗೆ ಕೋಳ ಬೀಳುತ್ತಿತ್ತು. ಯಂಕೋಬರಾಯರು ಎದ್ದು ನಿಂತರು. ಇದು ಬೀಜಕ್ಕೆಂದು ತಾಯಿ ಕೂಡಿಟ್ಟ ಜೋಳ, ಮಗ ಕಳವಿಗೆ, ತುಡುಗು ಮಾಡಲು ಇಳಿದಿದ್ದ, ಅದಕ್ಕೇ ದೀಪವಿಲ್ಲ ಎಂದರು. ಹುಸೇನಪ್ಪನವರು ಹೌದು ಹೌದು ಎಂದರು. ಅಧಿಕಾರಿ ತಾಯಿಯ ಕಡೆ ತಿರುಗಿದ.

“ನಾನು ಹೂಂ ಅಂತ ತಲಿ ಹಾಕಿದೆ,” ಎನ್ನುತ್ತಾರೆ ಬಂಡೆಮ್ಮ. “ಬಾಯಿ ಬರಲಿಲ್ಲ, ತಲಿ ಹಾಕಿದೆ. ಆ ಕಡಿ ಊರು ಇತ್ತು, ಈ ಕಡಿ ಮಗನ ಹೆಣ ಇತ್ತು. ಹೆಣಕ್ಕ ಹಸಿವಿ ಆಗೂದಿಲ್ಲಲ್ಲ ಅಂತ ತಿಳಕೊಂಡೆ.”

ಬೀಜದ ಜೋಳವೆಂದು ಅಧಿಕಾರಿ ಕೈಬಿಟ್ಟು ಹೋದ. ಹನುಮಂತ್ರಾಯ ಸತ್ತು ಬಿದ್ದಿದ್ದ ಜೋಳವನ್ನೇ ಮಸರಕಲ್ಲು ಆ ಮಳೆಗಾಲವೆಲ್ಲ ಉಂಡಿತು. ಉಂಡು, ಕೈ ತೊಳೆದು, ಅವನನ್ನು ತುಡುಗ ಎಂದಿತು. ಬೀಜದ ಜೋಳವೆಂದದ್ದು ಲೆವಿಯವರಿಗೆ ಹೇಳಿದ ಸುಳ್ಳೆಂದು ಊರಿಗೆ ಗೊತ್ತಿತ್ತು, ತುಡುಗಿನ ಮಾತನ್ನು ಮಾತ್ರ ನಿಜವೆಂದೇ ನಂಬಿತು. ತಾಯಿಯೇ ತಲೆಯಾಡಿಸಿದ್ದನ್ನು ಎಲ್ಲರೂ ಕಣ್ಣಾರೆ ಕಂಡಿದ್ದರು.

ಈ ಗದ್ದಲ ಮುಗಿಯಲಿ, ನಾವೇ ಊರ ಮುಂದೆ ನಿಂತು ನಿಜ ಹೇಳುತ್ತೇವೆ ಎಂದು ಇಬ್ಬರು ಹಿರಿಯರೂ ಅಂದೇ ಮಾತು ಕೊಟ್ಟಿದ್ದರು. ಯುದ್ಧ ಮುಗಿಯಿತು. ಹೋದ ಭಾದ್ರಪದದಲ್ಲಿ ನಿಜಾಮನ ಆಳಿಕೆಯೂ ಮುಗಿದು ಚಾವಡಿಯ ಮೇಲಿನ ಬಾವುಟ ಬದಲಾಯಿತು. ಅವರ ಬಾಯಿ ಮಾತ್ರ ತೆರೆಯಲಿಲ್ಲ. ಬಂಡೆಮ್ಮ ತಾವಾಗಿ ಹೇಳಿದರೆ ಜನ ಮರುಕದಿಂದ ನೋಡುತ್ತಾರೆ. ಹೆತ್ತವಳು ಇನ್ನೇನು ಹೇಳಿಯಾಳು ಎನ್ನುತ್ತಾರೆ.

ಯಂಕೋಬರಾಯರನ್ನು ನಾನು ಅವರ ಮನೆಯಲ್ಲೇ ಕಂಡು ಕೇಳಿದೆ. ಚಹಾ ತರಿಸಿದರು. ನಡೆದದ್ದು ಸುಳ್ಳೆಂದು ಅವರು ಹೇಳಲಿಲ್ಲ, ಅದನ್ನು ಒಪ್ಪಲೇಬೇಕು. ಸತ್ತವನು ಸತ್ತ, ಈಗ ಕೆದಕಿ ಯಾರಿಗೇನು ಲಾಭ, ಊರಲ್ಲಿ ನಮ್ಮ ಮಾತಿಗೆ ಬೆಲೆ ಉಳಿಯಬೇಕಲ್ಲ ಎಂದರು. ಆ ಚಹಾ ಕುಡಿದದ್ದಕ್ಕೆ ನನಗೆ ಇನ್ನೂ ನಾಚಿಕೆಯಿದೆ.

ಲಾಭ ಯಾರಿಗೆ ಎಂಬುದು ಬೂದೆಮ್ಮನಿಗೆ ಗೊತ್ತು. ಹನುಮಂತ್ರಾಯನ ಒಬ್ಬಳೇ ಮಗಳು, ಮದುವೆಗೆ ಬಂದ ಹುಡುಗಿ. ಈ ವರ್ಷ ನೀರಮಾನ್ವಿಯಿಂದ ಒಂದು ಮನೆಯವರು ಬಂದು ನೋಡಿದರು, ಒಪ್ಪಿದರು, ಎಲೆ ಅಡಿಕೆ ಬದಲಾಯಿಸುವ ದಿನವನ್ನೂ ಗೊತ್ತುಮಾಡಿದರು. ಹಿಂತಿರುಗಿ ಹೋಗುವಾಗ ಊರ ಬಾಗಿಲಲ್ಲಿ ಯಾರನ್ನೋ ಮನೆತನ ಹೇಗೆ ಎಂದು ವಿಚಾರಿಸಿದರು. ಆಮೇಲೆ ಅವರು ಬರಲಿಲ್ಲ. ಚೀಕಲಪರ್ವಿಯ ಕಡೆಯಿಂದ ಬರಬೇಕಾಗಿದ್ದವರೂ ಬರಲಿಲ್ಲ. ತುಡುಗನ ಮಗಳು ಎಂದು ಹೇಳಿದ ಬಾಯಿಯೂ ಈ ಹಗೇವಿನ ಜೋಳ ಉಂಡ ಬಾಯಿಯೇ ಇದ್ದೀತು. ಅದು ಯಾರೆಂದು ಬಂಡೆಮ್ಮನಿಗೆ ತಿಳಿದಿದೆ. ನನಗೆ ಹೇಳಲಿಲ್ಲ. ಹಾಗೆ ಹೇಳಿದವರ ಪುಟ್ಟಿಗೂ ಎಲ್ಲರಷ್ಟೇ ಜೋಳ ಬೀಳುತ್ತದೆ ಎಂದಷ್ಟೇ ಹೇಳಿದರು.

ದೇವದುರ್ಗದ ಕೆಲವು ಉತ್ಸಾಹಿಗಳು ಈಚೆಗೆ ಇವರಿಗೆ ಶಾಲು ಹೊದಿಸಿದರು. ಅನ್ನದಾತೆ, ಮಹಾತಾಯಿ ಎಂದೆಲ್ಲ ಭಾಷಣವಾಯಿತು. ಶಾಲು ಬೇಡ, ನನ್ನ ಮಗ ಕಳ್ಳನಲ್ಲ ಎಂದು ವೇದಿಕೆಯ ಮೇಲೆ ನಿಂತು ಒಂದು ಮಾತು ಹೇಳಿ ಎಂದು ಬಂಡೆಮ್ಮ ಮೊದಲೇ ಕೇಳಿಕೊಂಡಿದ್ದರಂತೆ. ಶುಭ ಸಮಾರಂಭದಲ್ಲಿ ಸಾವಿನ ಮಾತು ಬೇಡವೆಂದು ತೀರ್ಮಾನವಾಯಿತು. ಶಾಲು ಈಗ ಬೂದೆಮ್ಮ ಹೊದೆದುಕೊಳ್ಳುತ್ತಾಳೆ.

ಇಂದು ಬೆಳಿಗ್ಗೆ ಹಗೇವಿನ ಬಾಯಲ್ಲಿ ಇಬ್ಬರು ಹಿರಿಯರೂ ಇದ್ದಾರೆ. ಪದ್ಧತಿಯಂತೆ ಅವರು ಬರಬೇಕು. ದೀಪ ಉರಿಯುತ್ತಿದೆ, ಕನಕರಾಯ ಕಾಯುತ್ತಿದ್ದಾನೆ. ಬಂಡೆಮ್ಮ ಮೊಣಕಾಲಿಗೆ ಕೈಯೂರಿ ಎದ್ದು ನಿಲ್ಲುತ್ತಾರೆ.

“ರಾಯರ, ಹುಸೇನಪ್ಪಣ್ಣಾ, ನೀವೂ ಇಲ್ಲೇ ಅದೀರಿ, ಊರೂ ಅದ. ನನ್ನ ಮಗ ತುಡುಗು ಮಾಡಾಕ ಇಳದಿದ್ದಿಲ್ಲ, ನಾವಽ ಇಳಿಸಿದ್ವಿ. ಅಷ್ಟು ಹೇಳ್ರಿ. ಆಮ್ಯಾಲ ಕನಕರಾಯ ಇಳೀತಾನ.”

ಹುಸೇನಪ್ಪನವರು ತಮ್ಮ ಕಾಲಿನ ಕೆರ ನೋಡಿಕೊಳ್ಳುತ್ತಾರೆ. ಯಂಕೋಬರಾಯರು ಉತ್ತರೀಯ ಸರಿಮಾಡಿಕೊಂಡು, ಬಿಸಿಲೇರುತ್ತಿದೆ, ಹೆಂಗಸರು ಕಾಯುತ್ತಿದ್ದಾರೆ, ಮೊದಲು ಜೋಳ ತೆಗೆಸು ಎನ್ನುತ್ತಾರೆ. ಹೆಂಗಸರಲ್ಲಿ ಒಬ್ಬಳಾದರೂ ಹಿರಿಯರ ಕಡೆ ತಿರುಗಿ, ಅಜ್ಜಿ ಕೇಳಿದ್ದಕ್ಕೆ ಉತ್ತರ ಕೊಡಿ ಎನ್ನುತ್ತಾಳೇನೋ ಎಂದು ನಾನು ಕಾದೆ. ಎಲ್ಲರೂ ಅಜ್ಜಿಯನ್ನೇ ನೋಡುತ್ತಿದ್ದಾರೆ. ಸೊಂಟದ ಮೇಲಿನ ಕೂಸೊಂದು ಅಳಲು ಶುರುಮಾಡುತ್ತದೆ.

ಬಂಡೆಮ್ಮ ಆ ಕೂಸಿನ ಕಡೆ ನೋಡಿ, ಕನಕರಾಯನಿಗೆ ಇಳಿ ಎಂದು ಕೈಸನ್ನೆ ಮಾಡುತ್ತಾರೆ. ಹಗ್ಗ ತಾವೇ ಹಿಡಿಯುತ್ತಾರೆ. ಮೊದಲ ಬುಟ್ಟಿ ಜೋಳ ಮೇಲೆ ಬರುತ್ತದೆ. ಈಕೆ ಕೊಡದೇ ಇರಲಾರಳು ಎಂಬುದು ಆ ಇಬ್ಬರಿಗೂ ಚೆನ್ನಾಗಿ ಗೊತ್ತು. ಒಳ್ಳೆಯವರ ಒಳ್ಳೆಯತನವನ್ನೇ ಅಡವಿಟ್ಟುಕೊಂಡು ಬದುಕುವ ಜಾಣತನ ಅದು. ಹಳೆಯ ಸರಕಾರದಲ್ಲೂ ನಡೆಯಿತು, ಹೊಸದರಲ್ಲೂ ನಡೆಯುತ್ತಿದೆ.

ಹಂಚಿಕೆ ಮುಗಿದು ಚಪ್ಪಡಿ ಮುಚ್ಚುವ ಹೊತ್ತಿಗೆ ನೆಲ ಕಾದಿದೆ. ಬಂಡೆಮ್ಮ ಸೀರೆಯ ಹೊಟ್ಟು ಕೊಡವಿಕೊಂಡು ಬೇವಿನ ನೆರಳಿಗೆ ಬಂದು ಕೂರುತ್ತಾರೆ. ನಿಮ್ಮ ಬಗ್ಗೆ ಪತ್ರಿಕೆಯಲ್ಲಿ ಬರೆಯುತ್ತೇನೆ, ಒಂದು ಪ್ರತಿ ಊರಿಗೂ ಕಳಿಸುತ್ತೇನೆ ಎಂದೆ.

“ನಾ ದೊಡ್ಡಾಕಿ ಅಂತ ಬರೀಬ್ಯಾಡ್ರಿ. ಹನುಮಂತ್ರಾಯ ಅಂತ ಅವನ ಹೆಸರು ಹಾಕ್ರಿ. ಅವ್ವ ಇಳಿ ಅಂದಳು, ಇಳದ, ಅಷ್ಟಽ ಬರೀರಿ,” ಎಂದರು.

ನಿಮಗೆ ಓದಿ ಹೇಳುವವರು ಯಾರಿದ್ದಾರೆ ಎಂದು ಕೇಳಿದೆ. ಬಂಡೆಮ್ಮ ಚಾವಡಿಯ ಕಡೆ ನೋಡಿದರು.

“ಈ ಊರಾಗ ಓದಾಕ ಬರೂದು ಇಬ್ಬರಿಗೆ. ರಾಯರಿಗೆ, ಹುಸೇನಪ್ಪಗ. ನೀವು ಕಳಸ್ರಿ. ನಾವೆಲ್ಲಾ ಚಾವಡಿ ಮುಂದ ಕುಂದರ್ತೀವಿ. ಅವರಽ ಓದಿ ಹೇಳ್ಬೇಕು.”